ಟೊಮ್ ಟೆಸ್ಟ್: ಕೊಳ್ಳಿ, ಆದರೆ ಇದೊಂದನ್ನೇ ನಂಬಿ ವರದಿ ಬರೆಯಬೇಡಿ

ಕೋರ್ಟಿಗೋ ಇನ್ಶೂರೆನ್ಸ್ ಕ್ಲೇಮಿಗೋ ನೆನಪಿನ ಶಕ್ತಿಯ ಬಗ್ಗೆ ವರದಿ ಬರೆಯುವ ಸೈಕಾಲಜಿಸ್ಟ್‌ಗಳು ಮೊದಲು ಯಾವ ಕಿಟ್ ತೆಗೆದುಕೊಳ್ಳಬೇಕು ಅಂತ ಕೇಳಿದರೆ ನಾನು ಟೊಮ್ ಅಂತಲೇ ಹೇಳುತ್ತೇನೆ. ಪೂರ್ತಿ ಹೆಸರು ಟೆಸ್ಟ್ ಆಫ್ ಮೆಮೊರಿ ಮಲಿಂಗರಿಂಗ್, ಅಂದರೆ ಮರೆವು ನಿಜವೋ ನಟನೆಯೋ ಅಂತ ನೋಡುವ ಪರೀಕ್ಷೆ. 1996ರಲ್ಲಿ ಬಂದದ್ದು, ಇವತ್ತಿಗೂ ಬಳಕೆಯಲ್ಲಿದೆ.

ಒಳಗಿರುವುದು ಸರಳ. 50 ರೇಖಾಚಿತ್ರಗಳು, ಒಂದೊಂದನ್ನೂ 3 ಸೆಕೆಂಡ್ ತೋರಿಸಬೇಕು. ಆಮೇಲೆ ಪುಟಕ್ಕೆ ಎರಡು ಚಿತ್ರ: ಒಂದು ಈಗಷ್ಟೇ ನೋಡಿದ್ದು, ಇನ್ನೊಂದು ಹೊಸದು. ನೋಡಿದ್ದರ ಮೇಲೆ ಬೆರಳಿಟ್ಟರೆ ಸಾಕು. ಅದೇ ಚಿತ್ರಗಳನ್ನು ಮತ್ತೆ ತೋರಿಸಿ ಎರಡನೇ ಸುತ್ತು ಮಾಡಬೇಕು. 50 ಚಿತ್ರ ಅಂದ ಕೂಡಲೇ ಎದುರಿಗೆ ಕೂತವರಿಗೆ ಇದು ಭಾರೀ ಕಷ್ಟ ಅನ್ನಿಸುತ್ತದೆ. ಆದರೆ ತಲೆಗೆ ಪೆಟ್ಟು ಬಿದ್ದು ಹೊಸ ಹೆಸರು, ಹೊಸ ದಾರಿ ತಲೆಯಲ್ಲಿ ನಿಲ್ಲದೆ ಒದ್ದಾಡುವವರಲ್ಲೂ ಹೆಚ್ಚಿನವರು ನೋಡಿದ ಚಿತ್ರವನ್ನು ಗುರುತು ಹಿಡಿಯುತ್ತಾರೆ. ನೆನಪಿನಿಂದ ಹೇಳುವುದು ಬೇರೆ, ನೋಡಿ ಗುರುತಿಸುವುದು ಬೇರೆ ಅಲ್ವಾ? ಮರೆವು ನಟಿಸುವವರಲ್ಲಿ ಎಷ್ಟೋ ಜನರಿಗೆ ಇದು ಹೊಳೆಯುವುದಿಲ್ಲ. ಅಗತ್ಯಕ್ಕಿಂತ ಜಾಸ್ತಿ ತಪ್ಪು ಮಾಡುತ್ತಾರೆ.

ನನಗೆ ತುಂಬಾ ಹಿಡಿಸಿದ್ದು ಇದರ ಲೆಕ್ಕ. ಕಣ್ಣು ಮುಚ್ಚಿಕೊಂಡು ಬೆರಳಿಟ್ಟರೂ ಸುಮಾರು 25 ಸರಿ ಬರುತ್ತದೆ. ಬರೀ ಊಹೆಯಿಂದ 17 ಅಥವಾ ಅದಕ್ಕಿಂತ ಕಡಿಮೆ ಬರುವ ಸಾಧ್ಯತೆ ನೂರಕ್ಕೆ 2ಕ್ಕಿಂತ ಕಡಿಮೆ. ಅಂಥ ಸ್ಕೋರ್ ಬಂತು ಅಂದರೆ ಅವರಿಗೆ ಸರಿಯುತ್ತರ ಗೊತ್ತಿತ್ತು, ಗೊತ್ತಿದ್ದೂ ಪಕ್ಕದ ಚಿತ್ರಕ್ಕೆ ಬೆರಳಿಟ್ಟರು ಅಂತ ಓದಬೇಕಾಗುತ್ತದೆ. ಆದರೆ ಇಷ್ಟು ಕೆಳಗೆ ಹೋಗುವವರು ಕಡಿಮೆ. ನಮ್ಮನ್ನು ಸತಾಯಿಸುವುದು ಇದಕ್ಕಿಂತ ಮೇಲೆ, ಕಟ್-ಆಫ್‌ಗಿಂತ (ಪಾಸಾಗಲು ಬೇಕಾದ ಅಂಕಕ್ಕಿಂತ) ಕೆಳಗೆ ಇರುವ ಸ್ಕೋರ್‌ಗಳು. ಕಟ್-ಆಫ್ ಎಷ್ಟು ಅಂತ ಇಲ್ಲಿ ಬೇಕಂತಲೇ ಬರೆಯುತ್ತಿಲ್ಲ, ಪರೀಕ್ಷೆಗೆ ಕೂರುವವರೂ ಓದುತ್ತಾರೆ.

ಒಂದು ವಿಷಯ ನನಗೆ ಇಷ್ಟವಿಲ್ಲ. ಪ್ರತಿ ಉತ್ತರದ ನಂತರ 'ಸರಿ' ಅಥವಾ 'ಅಲ್ಲ, ಇದು' ಅಂತ ಹೇಳಲೇಬೇಕು. ಪ್ರಾಮಾಣಿಕವಾಗಿ ಮಾಡುವವರಿಗೆ ಇದರಿಂದ ಎರಡನೇ ಸುತ್ತು ಸಲೀಸು, ನಿಜ. ಆದರೆ ನಟಿಸುವವರಿಗೂ ತಾವು ಎಲ್ಲಿದ್ದೇವೆ ಅಂತ ಗೊತ್ತಾಗುತ್ತಾ ಹೋಗುತ್ತದೆ. ಸಾಲಾಗಿ ನಾಲ್ಕೈದು 'ಸರಿ' ಕೇಳಿಸಿಕೊಂಡ ಮೇಲೆ ಬೆರಳು ಸರಿಯಾದ ಚಿತ್ರದ ಹತ್ತಿರ ಹೋಗಿ, ಅಲ್ಲೇ ನಿಂತು, ನಿಧಾನವಾಗಿ ಪಕ್ಕಕ್ಕೆ ಸರಿಯುವುದನ್ನು ನೋಡಿದ್ದೇನೆ. ಇದು ಸ್ಕೋರ್ ಶೀಟಿನಲ್ಲಿ ಎಲ್ಲೂ ಬರುವುದಿಲ್ಲ.

ಇನ್ನು ದೊಡ್ಡ ಅಪಾಯ. ಡಿಮೆನ್ಷಿಯಾ ಇರುವವರು ಯಾವ ನಾಟಕವೂ ಇಲ್ಲದೆ ಇದರಲ್ಲಿ ಫೇಲ್ ಆಗಬಹುದು, ತೀವ್ರ ಬೌದ್ಧಿಕ ದೌರ್ಬಲ್ಯ ಇರುವವರೂ ಅಷ್ಟೇ. ಹೀಗಿದ್ದೂ ಕಡಿಮೆ ಸ್ಕೋರ್ ನೋಡಿದ ತಕ್ಷಣ 'ಸುಳ್ಳು ಹೇಳುತ್ತಿದ್ದಾರೆ' ಅಂತ ಬರೆದ ವರದಿಗಳನ್ನು ಓದಿದಾಗ ನನಗೆ ಸಿಟ್ಟು ಬರುತ್ತದೆ. ಒಂದು ಸಾಲಿಗೆ ಒಬ್ಬರ ಪರಿಹಾರವೇ ಹೋಗಬಹುದು. ಈ ಟೆಸ್ಟ್ ಹೇಳುವುದು ಇಷ್ಟೇ: ಈ ನೆನಪಿನ ಅಂಕಗಳನ್ನು ನಂಬುವ ಹಾಗಿಲ್ಲ. ಯಾಕೆ ಅನ್ನುವುದನ್ನು ಇದು ಹೇಳುವುದಿಲ್ಲ. ಹಣದ ಲಾಭ ಇದೆಯೇ, ದಾಖಲೆಗೂ ಮಾತಿಗೂ ತಾಳೆಯಾಗುತ್ತದೆಯೇ, ಬೇರೆ ಟೆಸ್ಟ್‌ಗಳೂ ಇದನ್ನೇ ಹೇಳುತ್ತವೆಯೇ, ಎಲ್ಲ ನೋಡಬೇಕು. 1999ರ ಸ್ಲಿಕ್ ಮಾನದಂಡಗಳು ಇದಕ್ಕೇ ಇರುವುದು.

ಪಾಸಾದರು ಅಂತ ಸುಮ್ನೆ ನಿರಾಳ ಆಗುವುದೂ ಬೇಡ. ಗಮನ ನಿಲ್ಲುವುದಿಲ್ಲ, ಎಲ್ಲ ನಿಧಾನ ಅಂತ ನಟಿಸುವವರು ಇದರಲ್ಲಿ ಆರಾಮಾಗಿ ದಾಟುತ್ತಾರೆ. ಅದಕ್ಕೇ ಜೊತೆಗೆ ರಿಲಯಬಲ್ ಡಿಜಿಟ್ ಸ್ಪ್ಯಾನ್ (ಕೇಳಿದ ಅಂಕಿಗಳನ್ನು ನೇರವಾಗಿಯೂ ಹಿಂದಿನಿಂದಲೂ ಹೇಳಿಸಿ ತೆಗೆಯುವ ಅಂಕ) ಲೆಕ್ಕ ಹಾಕಿ, ವೆಕ್ಸ್ಲರ್ ಬುದ್ಧಿಮತ್ತೆ ಪರೀಕ್ಷೆ ಮಾಡುತ್ತಿದ್ದರೆ ಬೇರೆ ಸಮಯವೇ ಬೇಡ. 15 ಗುರುತುಗಳನ್ನು ತೋರಿಸಿ ನೆನಪಿನಿಂದ ಬರೆಸುವ ರೇ 15 ಐಟಂ ಟೆಸ್ಟ್ ಒಂದನ್ನೇ ನೆಚ್ಚಿಕೊಳ್ಳಬೇಡಿ, ತುಂಬಾ ಜನ ತಪ್ಪಿಸಿಕೊಳ್ಳುತ್ತಾರೆ.

ಕೊನೆಯ ರಿಟೆನ್ಷನ್ ಸುತ್ತು, ಅಂದರೆ ಚಿತ್ರಗಳನ್ನು ಮತ್ತೆ ತೋರಿಸದೆ ಸ್ವಲ್ಪ ಹೊತ್ತಿನ ನಂತರ ಗುರುತಿಸಲು ಹೇಳುವುದು, ಐಚ್ಛಿಕ. ಸಮಯ ಉಳಿಸಲು ಅದನ್ನು ಬಿಡಬೇಡಿ. ಎರಡನೇ ಸುತ್ತು ದಾಟಿದವರ ಸ್ಕೋರ್ 15 ನಿಮಿಷದ ನಂತರ ಕುಸಿಯುವುದು ಉಂಟು.