ಹೊರದೇಶದಲ್ಲಿ ಡೇಟಾ ಕೈಕೊಟ್ಟರೆ: ರೋಮಿಂಗ್, ಲೋಕಲ್ ಸಿಮ್, ಇ-ಸಿಮ್, ಪಾಕೆಟ್ ವೈಫೈ

ಸಿಗ್ನಲ್ ನಾಲ್ಕು ಕಡ್ಡಿ ಇದೆ. ಅಲ್ಲಿನ ನೆಟ್‌ವರ್ಕ್ ಹೆಸರೂ ಮೇಲೆ ಕಾಣುತ್ತಿದೆ. ಮ್ಯಾಪ್ ಮಾತ್ರ ತೆರೆಯುತ್ತಿಲ್ಲ. ಗೊತ್ತಿಲ್ಲದ ಊರಿನ ವಿಮಾನ ನಿಲ್ದಾಣದಲ್ಲಿ ಇಂಥ ಫೋನ್ ಹಿಡಿದು ನಿಂತವರಿಗೇ ಗೊತ್ತು ಆ ಪಾಡು.

ಯಾವುದು ಅಗ್ಗ, ಯಾವುದು ವೇಗ ಎಂದು ಹೋಲಿಸಿದವರು ಬೇಕಾದಷ್ಟು ಜನ ಇದ್ದಾರೆ. ನನ್ನ ಲೆಕ್ಕ ಬೇರೆ. ಕೆಟ್ಟಾಗ ನಾನೇ ಸರಿ ಮಾಡಿಕೊಳ್ಳಬಹುದಾ, ಇಲ್ಲ ಯಾರದೋ ಕೈಕಾಲು ಹಿಡಿಯಬೇಕಾ? ಬೇರೆ ಬೇರೆ ಪ್ರವಾಸಗಳಲ್ಲಿ ನಾಲ್ಕೂ ದಾರಿ ಹಿಡಿದು ನೋಡಿದ್ದೇನೆ. ನಾಲ್ಕೂ ಒಂದಲ್ಲ ಒಂದು ಸಲ ಕೈಕೊಟ್ಟಿವೆ, ಪ್ರತಿಯೊಂದೂ ತನ್ನದೇ ಶೈಲಿಯಲ್ಲಿ.

ಮೊದಲು ನಮ್ಮ ಸಿಮ್‌ನದೇ ರೋಮಿಂಗ್. ಹೊಸದಾಗಿ ಏನೂ ಹಾಕಬೇಕಿಲ್ಲ, ಹಾಗಾಗಿ ಎಲ್ಲಕ್ಕಿಂತ ಸುಲಭ ಅನ್ನಿಸುತ್ತದೆ. ಕೆಟ್ಟರೆ ಎಲ್ಲಕ್ಕಿಂತ ಗೋಜಲು ಇದೇ. ನನ್ನ ಪ್ಯಾಕ್ ಚಾಲೂ ಆಗಿತ್ತು. ಡೇಟಾ ರೋಮಿಂಗ್ ಸ್ವಿಚ್ ಆನ್ ಇತ್ತು. ಸ್ವಾಗತ ಕೋರುವ ಎಸ್‌ಎಂಎಸ್ ಕೂಡ ಬಂತು. ಡೇಟಾ ಬರಲಿಲ್ಲ. ಏರ್‌ಪ್ಲೇನ್ ಮೋಡ್ ಹಾಕಿ ತೆಗೆದೆ, ರೀಸ್ಟಾರ್ಟ್ ಮಾಡಿದೆ, ಊಹೂಂ. ಹೋಟೆಲಿನ ವೈಫೈ ಹಿಡಿದು ನಮ್ಮ ಕಂಪನಿಯವರನ್ನು ಕೇಳಿದರೆ ‘ತೊಂದರೆ ಅಲ್ಲಿನ ನೆಟ್‌ವರ್ಕಿನದು’ ಎಂದರು. ಅಲ್ಲಿನ ನೆಟ್‌ವರ್ಕಿನವರಿಗೆ ನಾನು ಗಿರಾಕಿಯೇ ಅಲ್ಲ. ಇಲ್ಲೂ ಸಲ್ಲ, ಅಲ್ಲೂ ಸಲ್ಲ.

ಕೊನೆಗೆ ಕೆಲಸ ಮಾಡಿದ್ದು ಕೈಯಾರೆ ನೆಟ್‌ವರ್ಕ್ ಆರಿಸುವುದು. ಸೆಟ್ಟಿಂಗ್ಸ್‌ನಲ್ಲಿ ‘ಆಟೋಮ್ಯಾಟಿಕ್’ ತೆಗೆದರೆ ಫೋನ್ ಸುತ್ತಲಿನ ನೆಟ್‌ವರ್ಕ್‌ಗಳನ್ನು ಹುಡುಕಿ ಪಟ್ಟಿ ಕೊಡುತ್ತದೆ. ಇದಕ್ಕೆ ಎರಡು ಮೂರು ನಿಮಿಷ ಹಿಡಿಯಬಹುದು. ಫೋನ್ ಹ್ಯಾಂಗ್ ಆಯ್ತು ಎಂದುಕೊಂಡು ನಾನು ಎರಡು ಸಲ ಮಧ್ಯದಲ್ಲೇ ನಿಲ್ಲಿಸಿಬಿಟ್ಟಿದ್ದೆ. ಮೂರನೆಯ ಸಲ ತಾಳ್ಮೆಯಿಂದ ಕೂತು, ಪಟ್ಟಿಯಲ್ಲಿದ್ದ ಇನ್ನೊಂದು ಹೆಸರು ಒತ್ತಿದೆ. ಅರ್ಧ ನಿಮಿಷದಲ್ಲಿ ಡೇಟಾ ಬಂತು.

ಯಾಕೆ ಹೀಗೆ? ಒಂದು ದೇಶದಲ್ಲಿ ಮೂರ್ನಾಲ್ಕು ನೆಟ್‌ವರ್ಕ್ ಇರುತ್ತವೆ. ನಮ್ಮ ಕಂಪನಿಗೆ ಎಲ್ಲರ ಜೊತೆಗೂ ಒಂದೇ ಥರದ ಒಪ್ಪಂದ ಇರುವುದಿಲ್ಲ. ಒಬ್ಬರ ಜೊತೆ ಕರೆ, ಎಸ್‌ಎಂಎಸ್ ಮಾತ್ರ. ಇನ್ನೊಬ್ಬರ ಜೊತೆ 4ಜಿ ಡೇಟಾ ಕೂಡ. ಫೋನ್ ತಾನಾಗಿ ಹಿಡಿದ ನೆಟ್‌ವರ್ಕಿನಲ್ಲಿ ನಮಗೆ ಡೇಟಾ ಇರಲೇಬೇಕು ಅಂತೇನಿಲ್ಲ. ಇನ್ನೂ ಒಂದು ಸಂಗತಿ ಇದೆ. ಒಮ್ಮೆ ಒಂದು ನೆಟ್‌ವರ್ಕ್ ‘ಬೇಡ, ಹೋಗು’ ಅಂದರೆ ಅದರ ಸಂಖ್ಯೆ ಸಿಮ್‌ನೊಳಗಿನ ನಿಷೇಧದ ಪಟ್ಟಿಗೆ ಸೇರುತ್ತದೆ. ಆಮೇಲೆ ಫೋನ್ ತಾನಾಗಿ ಅತ್ತ ಹೋಗುವುದಿಲ್ಲ. ನಾವು ಕೈಯಾರೆ ಆರಿಸಿ, ಅದು ಒಪ್ಪಿಕೊಂಡರೆ ಹೆಸರು ಆ ಪಟ್ಟಿಯಿಂದ ಹೋಗುತ್ತದೆ. ಮನೆಯವರು ಮುನಿಸಿಕೊಂಡು ಮಾತು ಬಿಟ್ಟ ಹಾಗೆ, ಯಾರಾದರೂ ಒಬ್ಬರು ಮೊದಲು ಮಾತಾಡಿಸಬೇಕು.

ಇದಕ್ಕೂ ಬಗ್ಗದಿದ್ದರೆ ಎಪಿಎನ್ ನೋಡಿ, ಅಂದರೆ ಫೋನ್ ಯಾವ ಬಾಗಿಲಿನಿಂದ ಇಂಟರ್‌ನೆಟ್‌ಗೆ ಹೋಗಬೇಕು ಎಂದು ಹೇಳುವ ಸೆಟ್ಟಿಂಗ್. ಆ್ಯಂಡ್ರಾಯ್ಡ್‌ನಲ್ಲಿ ಎಪಿಎನ್ ಪ್ರೋಟೋಕಾಲ್ ಬೇರೆ, ಎಪಿಎನ್ ರೋಮಿಂಗ್ ಪ್ರೋಟೋಕಾಲ್ ಬೇರೆ. ಎರಡನೆಯದು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಇನ್ನೊಂದು ಪ್ರವಾಸದಲ್ಲಿ ಅದನ್ನು ಐಪಿವಿ4/ಐಪಿವಿ6 (ಇಂಟರ್‌ನೆಟ್ ವಿಳಾಸದ ಹಳೆಯ ಮತ್ತು ಹೊಸ ಪದ್ಧತಿ) ಎರಡೂ ಇರುವ ಆಯ್ಕೆಗೆ ಬದಲಿಸಿದ ಮೇಲೆಯೇ ಡೇಟಾ ಹರಿಯಿತು.

ಈಗ ಲೋಕಲ್ ಸಿಮ್. ಇದು ಕೆಡುವುದೇ ಕಮ್ಮಿ. ಅಲ್ಲಿಯವರ ಹಾಗೆ ನೀವೂ ಗಿರಾಕಿ, ಮಧ್ಯೆ ಇನ್ನೊಬ್ಬರಿಲ್ಲ. ಡೇಟಾ ಬರದಿದ್ದರೆ ಕೌಂಟರ್‌ನಲ್ಲಿ ಕೂತವರ ಮುಂದೆ ಫೋನ್ ಇಡಬಹುದು. ನನ್ನದನ್ನು ಇಸಕೊಂಡು, ಎಪಿಎನ್ ಬರೆದು, ವಾಪಸ್ ಕೊಡಲು ಒಂದು ನಿಮಿಷ ಸಾಕಾಯಿತು. ಆದರೆ ಕೆಟ್ಟರೆ ಅಲ್ಲಿ ರಿಪೇರಿ ಅನ್ನುವುದೇ ಇಲ್ಲದ ಎರಡು ಜಾಗ ಇವೆ. ಒಂದು, ಫೋನ್ ಯಾವುದಾದರೂ ಕಂಪನಿಗೆ ಲಾಕ್ ಆಗಿರುವುದು. ಬೇರೆಯವರ ಸಿಮ್ ಹಾಕಿದರೆ ಅದು ಬಾಯೇ ಬಿಡುವುದಿಲ್ಲ. ಇನ್ನೊಂದು, ಬ್ಯಾಂಡ್, ಅಂದರೆ ನೆಟ್‌ವರ್ಕ್ ಬಳಸುವ ರೇಡಿಯೋ ಅಲೆಗಳ ಪಟ್ಟಿ. ಯುರೋಪಿನ ಹಳ್ಳಿಗಾಡಿನಲ್ಲಿ 4ಜಿಗೆ 800 ಮೆಗಾಹರ್ಟ್ಸ್‌ನ ಬ್ಯಾಂಡ್ 20 ಜಾಸ್ತಿ ಬಳಕೆಯಲ್ಲಿದೆ. ಅಮೆರಿಕದಲ್ಲಿ 600 ಮೆಗಾಹರ್ಟ್ಸ್‌ನ ಬ್ಯಾಂಡ್ 71 ಇದೆ. ನಿಮ್ಮ ಫೋನಿಗೆ ಆ ಬ್ಯಾಂಡ್ ಇಲ್ಲದಿದ್ದರೆ ಪೇಟೆಯಲ್ಲಿ ಚೆನ್ನಾಗಿದ್ದದ್ದು ಊರಾಚೆ ಸತ್ತುಹೋಗುತ್ತದೆ. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲಿ 3ಜಿಯನ್ನೂ ನಿಲ್ಲಿಸಿದವು. ಕರೆಗೆ 3ಜಿಯನ್ನೇ ನೆಚ್ಚಿದ ಹಳೆಯ ಫೋನ್ ಹಿಡಿದು ಹೋದವರಿಗೆ ಡೇಟಾ ಬಂದರೂ ಕರೆ ಹೋಗದೆ ಇರುವುದು ಇದರಿಂದಲೇ.

ನನಗೆ ಲೋಕಲ್ ಸಿಮ್‌ನಲ್ಲಿ ತಲೆನೋವಾಗಿದ್ದು ಡೇಟಾ ಅಲ್ಲ, ಒಟಿಪಿ. ಒಂದೇ ಸಿಮ್ ಹಿಡಿಯುವ ಫೋನ್. ನನ್ನ ಸಿಮ್ ತೆಗೆದು ಪಾಸ್‌ಪೋರ್ಟ್ ಕವರಿನಲ್ಲಿ ಇಟ್ಟಿದ್ದೆ. ಬ್ಯಾಂಕಿನ ಒಟಿಪಿ ಬೇಕಾದಾಗಲೆಲ್ಲ ಟ್ರೇ ತೆಗೆಯುವ ಪಿನ್ ಹುಡುಕಿ ಸಿಮ್ ಬದಲಿಸುವ ಸರ್ಕಸ್.

ಅದಕ್ಕೇ ಇ-ಸಿಮ್, ಅಂದರೆ ಕಾರ್ಡ್ ಇಲ್ಲದೆ ಫೋನಿಗೇ ಇಳಿಸಿಕೊಳ್ಳುವ ಸಿಮ್, ಬಂದಾಗ ಖುಷಿಯಾಯಿತು. ಆದರೆ ನಾನು ಎಲ್ಲಕ್ಕಿಂತ ಪೆದ್ದನಾಗಿದ್ದೂ ಇದರಲ್ಲೇ. ಬಿಲ್ಲಿನ ಭಯಕ್ಕೆ ಡೇಟಾ ರೋಮಿಂಗ್ ಆಫ್ ಮಾಡಿಟ್ಟಿದ್ದೆ. ‘ಇದು ಆ ದೇಶದ್ದೇ ಇ-ಸಿಮ್, ರೋಮಿಂಗ್ ಯಾಕೆ ಬೇಕು’ ಎಂಬ ಲೆಕ್ಕ. ಅರ್ಧ ದಿನ ಒದ್ದಾಡಿದೆ. ಪ್ರವಾಸಿಗಳಿಗೆ ಮಾರುವ ಎಷ್ಟೋ ಇ-ಸಿಮ್‌ಗಳು ಆ ದೇಶದವಲ್ಲ. ಮೂರನೆಯ ಯಾವುದೋ ದೇಶದ ಸಿಮ್ ಅಲ್ಲಿಗೆ ಬಂದು ರೋಮಿಂಗ್ ಮಾಡುತ್ತಿರುತ್ತದೆ. ಹಾಗಾಗಿ ಆ ಲೈನಿಗೆ ರೋಮಿಂಗ್ ಆನ್ ಇರಲೇಬೇಕು. ನಮ್ಮ ಸಿಮ್‌ನ ಲೈನಿಗೆ ಆಫ್ ಇರಬೇಕು. ಎರಡಕ್ಕೂ ಸ್ವಿಚ್ ಬೇರೆ ಬೇರೆ ಇರುತ್ತದೆ, ಸ್ವಲ್ಪ ಇಣುಕಿ ನೋಡಬೇಕು ಅಷ್ಟೇ.

ಸರ್ಚ್ ಮಾಡಿದರೆ ಉತ್ತರ ಬೇರೆ ಯಾವುದೋ ಭಾಷೆಯಲ್ಲಿ ಬರುವುದೂ ಇದರಿಂದಲೇ. ರೋಮಿಂಗ್‌ನಲ್ಲಿ ಡೇಟಾ ಸಾಮಾನ್ಯವಾಗಿ ಸಿಮ್‌ನ ತವರಿಗೆ ಹೋಗಿಯೇ ಇಂಟರ್‌ನೆಟ್‌ಗೆ ಇಳಿಯುತ್ತದೆ. ನಮ್ಮ ಸಿಮ್‌ನ ರೋಮಿಂಗ್‌ನಲ್ಲಿ ಎದುರಿನ ಬೀದಿಯ ಮ್ಯಾಪ್ ಕೂಡ ನಮ್ಮ ದೇಶ ಸುತ್ತಿ ಬರುತ್ತದೆ. ಇ-ಸಿಮ್‌ನಲ್ಲಿ ಮೂರನೆಯ ದೇಶ ಸುತ್ತಿ ಬರುತ್ತದೆ. ಲೋಕಲ್ ಸಿಮ್‌ಗೆ ಈ ಸುತ್ತಾಟ ಇಲ್ಲ. ಕಡ್ಡಿ ತುಂಬಾ ಇದ್ದೂ ವಿಡಿಯೋ ಕರೆಯಲ್ಲಿ ಮಾತು ತಡವಾಗಿ ಮುಟ್ಟುತ್ತಿದ್ದರೆ ಫೋನಿನ ಮೇಲೆ ಸಿಟ್ಟಾಗಿ ಉಪಯೋಗವಿಲ್ಲ. ಈ ಸುತ್ತಾಟದಿಂದ ಒಂದು ಲಾಭವೂ ಇದೆ, ನಮ್ಮ ಸಿಮ್‌ನಲ್ಲಿದ್ದರೆ ಬ್ಯಾಂಕಿನ ಆ್ಯಪ್ ನಾವು ಮನೆಯಲ್ಲೇ ಇದ್ದೇವೆ ಅಂದುಕೊಳ್ಳಬಹುದು.

ಇ-ಸಿಮ್ ಕೆಟ್ಟರೆ ಕೇಳುವುದು ಯಾರನ್ನು? ಚಾಟ್‌ನಲ್ಲಿ ಕೇಳಬೇಕು. ಚಾಟ್‌ಗೆ ಇಂಟರ್‌ನೆಟ್ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು! ಇ-ಸಿಮ್ ಇಳಿಸಿಕೊಳ್ಳುವುದಕ್ಕೂ ಇಂಟರ್‌ನೆಟ್ ಬೇಕು, ಆದ್ದರಿಂದ ಆ ಕೆಲಸ ಹೊರಡುವ ಮೊದಲೇ ಮುಗಿಸಿ. *#06# ಒತ್ತಿದಾಗ 32 ಅಂಕಿಯ ಇಐಡಿ (ಇ-ಸಿಮ್‌ನ ಗುರುತಿನ ಸಂಖ್ಯೆ) ಕಂಡರೆ ನಿಮ್ಮ ಫೋನಿಗೆ ಇ-ಸಿಮ್ ಇದೆ ಎಂದರ್ಥ. ಏನೋ ಸರಿಯಿಲ್ಲ ಎಂದು ಇ-ಸಿಮ್ ಅಳಿಸಿ ಮತ್ತೆ ಹಾಕಲು ಹೋಗಬೇಡಿ. ಅದನ್ನು ಇಳಿಸಿಕೊಳ್ಳಲು ಕೊಡುವ ಕ್ಯೂಆರ್ ಕೋಡ್ ಸಾಮಾನ್ಯವಾಗಿ ಒಂದೇ ಸಲ ಕೆಲಸ ಮಾಡುತ್ತದೆ. ಐಫೋನ್‌ನಲ್ಲಿ ಸೆಲ್ಯುಲಾರ್ ಡೇಟಾ ಸ್ವಿಚಿಂಗ್ ಎಂಬ ಆಯ್ಕೆಯನ್ನು ಆಫ್ ಮಾಡಿಡಿ. ಅದು ಆನ್ ಇದ್ದು, ನಮ್ಮ ಸಿಮ್‌ನ ರೋಮಿಂಗೂ ಆನ್ ಇದ್ದರೆ, ಇ-ಸಿಮ್ ಸೊರಗಿದಾಗ ಫೋನ್ ಸುಮ್ನೆ ನಮ್ಮ ಸಿಮ್‌ನ ಡೇಟಾಗೆ ಜಾರಿಕೊಳ್ಳಬಹುದು. ಗೊತ್ತಾಗುವುದು ಬಿಲ್ ಬಂದಾಗಲೇ.

ಪಾಕೆಟ್ ವೈಫೈ, ಅಂದರೆ ಜೇಬಿನಲ್ಲಿಟ್ಟುಕೊಳ್ಳುವ ಪುಟ್ಟ ವೈಫೈ ಡಬ್ಬಿ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಾಲ್ಕೈದು ಜನ ಒಟ್ಟಿಗೇ ತಿರುಗುವುದಾದರೆ ಸರಿ. ಡಬ್ಬಿ ಹಿಡಿದವರು ಬಾತ್‌ರೂಮಿಗೆ ಹೋದರೆ ಉಳಿದವರೆಲ್ಲ ಆಫ್‌ಲೈನ್. ನಮ್ಮ ಡಬ್ಬಿಯಲ್ಲಿ ಮಧ್ಯಾಹ್ನದ ಹೊತ್ತಿಗೇ ವೇಗ ಬಿದ್ದುಹೋಗುತ್ತಿತ್ತು. ಕೆಟ್ಟಿದೆ ಎಂದು ಅದನ್ನು ಹತ್ತು ಸಲ ಆಫ್ ಮಾಡಿ ಆನ್ ಮಾಡಿದೆವು. ಅದು ಕೆಟ್ಟಿರಲಿಲ್ಲ, ದಿನದ ಮಿತಿ ಮುಗಿದಿತ್ತು. ಫೋನಿನ ಕಣ್ಣಿಗೆ ಅದು ಮನೆಯ ವೈಫೈ ಇದ್ದ ಹಾಗೆಯೇ, ಹಾಗಾಗಿ ಎಲ್ಲರ ಫೋಟೋಗಳೂ ಬ್ಯಾಕಪ್‌ಗೆ ಹೊರಟಿದ್ದವು. ಆ ವೈಫೈಯನ್ನು ‘ಮೀಟರ್ಡ್’ (ಮಿತಿಯಿರುವ ಡೇಟಾ) ಎಂದು ಗುರುತು ಮಾಡಿದ ಮೇಲೆ ಸಂಜೆಯವರೆಗೆ ಬಾಳಿತು.

ಯುರೋಪಿನೊಳಗೆ ಓಡಾಡುವವರಿಗೆ ಒಂದು ಮಾತು. ಐರೋಪ್ಯ ಒಕ್ಕೂಟದಲ್ಲಿ 2017ರ ಜೂನ್ 15ರಿಂದ ರೋಮಿಂಗ್‌ಗೆ ಹೆಚ್ಚಿನ ಶುಲ್ಕ ಇಲ್ಲ, ಆದರೆ ಸ್ವಿಟ್ಜರ್ಲೆಂಡ್ ಆ ಒಕ್ಕೂಟದಲ್ಲಿಲ್ಲ. ಒಂದು ಕಡೆಯ ಲೋಕಲ್ ಸಿಮ್ ಹಾಕಿಕೊಂಡು ರೈಲಿನಲ್ಲಿ ಇನ್ನೊಂದು ಕಡೆಗೆ ಗಡಿ ದಾಟಿದ ಮೇಲೆ ಡೇಟಾ ನಿಂತರೆ ಮೊದಲು ಪ್ಲಾನ್‌ನಲ್ಲಿ ಯಾವ ಯಾವ ದೇಶ ಇದೆ ಎಂದು ನೋಡಿ. ಎಪಿಎನ್ ಆಮೇಲೆ.

ನಾನು ಈಗ ಹೋಗುವುದು ಹೀಗೆ. ಡೇಟಾಗೆ ಇ-ಸಿಮ್. ನಮ್ಮ ಸಿಮ್ ಎಸ್‌ಎಂಎಸ್‌ಗೆ ಮಾತ್ರ, ಅದರ ಡೇಟಾ ಆಫ್. ಎರಡು ವಾರ ದಾಟಿದರೆ ಲೋಕಲ್ ಸಿಮ್, ಯಾಕೆಂದರೆ ಕೆಟ್ಟಾಗ ಎದುರಿಗೆ ಒಬ್ಬ ಮನುಷ್ಯ ಸಿಗುತ್ತಾನೆ. ನಮ್ಮ ಸಿಮ್‌ನ ರೋಮಿಂಗ್ ಒಂದೆರಡು ದಿನದ ಕೆಲಸಕ್ಕೆ ಸಾಕು. ವಿಪಿಎನ್, ಪ್ರೈವೇಟ್ ಡಿಎನ್‌ಎಸ್ ಹಾಕಿಕೊಂಡವರು ಬೇರೆಲ್ಲ ತಡಕುವ ಮೊದಲು ಅವನ್ನು ಆಫ್ ಮಾಡಿ ನೋಡಿ.

ಕಳೆದ ಸಲ ವಾಪಸ್ ಬಂದು ಇಳಿದಾಗ ನನ್ನ ಸಿಮ್‌ಗೆ ಸಿಗ್ನಲ್ಲೇ ಇಲ್ಲ. ಅಕ್ಕಪಕ್ಕದವರೆಲ್ಲ ಮನೆಗೆ ಫೋನ್ ಮಾಡುತ್ತಿದ್ದರು. ರೀಸ್ಟಾರ್ಟ್ ಮಾಡಿದೆ, ಸಿಮ್ ತೆಗೆದು ಒರೆಸಿ ಹಾಕಿದೆ. ಲಗೇಜ್ ಬರುವ ಹೊತ್ತಿಗೆ ಹೊಳೆಯಿತು: ಅಲ್ಲಿ ಕೈಯಾರೆ ಆರಿಸಿದ ನೆಟ್‌ವರ್ಕನ್ನು ‘ಆಟೋಮ್ಯಾಟಿಕ್’ಗೆ ತಿರುಗಿಸಿರಲಿಲ್ಲ. ಫೋನ್ ಪಾಪ, ಇನ್ನೂ ಆ ದೇಶದ ನೆಟ್‌ವರ್ಕನ್ನೇ ಹುಡುಕುತ್ತಾ ಕೂತಿತ್ತು.