ಶೋಪ್ಸ್ಕಾನಾ, ಓವ್ಚಾರ್ಸ್ಕಾನಾ?

ಬಲ್ಗೇರಿಯಾದಲ್ಲಿ ಊಟ ಶುರುವಾಗುವುದೇ ಸಲಾಡ್‌ನಿಂದ, ಜೊತೆಗೆ ರಾಕಿಯಾ ಅನ್ನೋ ಹಣ್ಣಿನ ಬ್ರಾಂದಿ. ಯಾವ ಸಲಾಡ್ ಅನ್ನೋದೇ ಪ್ರಶ್ನೆ.

ಶೋಪ್ಸ್ಕಾದಲ್ಲಿ ಟೊಮೆಟೊ, ಸೌತೆಕಾಯಿ, ಈರುಳ್ಳಿ, ಹಸಿ ಅಥವಾ ಸುಟ್ಟ ದೊಣ್ಣೆಮೆಣಸು ಇರುತ್ತವೆ. ಮೇಲೆ ತುರಿದ ಸಿರೆನೆ ಅನ್ನೋ ಬಿಳಿ ಚೀಸ್. ಬಿಳಿ, ಹಸಿರು, ಕೆಂಪು: ಆ ದೇಶದ ಬಾವುಟದ್ದೇ ಬಣ್ಣ. ತಲೆತಲಾಂತರದ ಹಳ್ಳಿ ಅಡುಗೆ ಅನ್ನಿಸುತ್ತದೆ, ಅಲ್ವಾ? ಅಲ್ಲ. 1950-60ರ ದಶಕಗಳಲ್ಲಿ ಇದನ್ನು ಜನಪ್ರಿಯ ಮಾಡಿದ್ದು ಸರ್ಕಾರಿ ಪ್ರವಾಸ ಸಂಸ್ಥೆ ಬಾಲ್ಕನ್‌ಟೂರಿಸ್ಟ್. ಈಗ ಅದು ದೇಶದ ಗುರುತೇ ಆಗಿಬಿಟ್ಟಿದೆ.

ಇದಕ್ಕೇ ಬೇಯಿಸಿದ ಮೊಟ್ಟೆ, ಅಣಬೆ, ಸಾಮಾನ್ಯವಾಗಿ ಹ್ಯಾಮ್ ಸೇರಿಸಿದರೆ ಓವ್ಚಾರ್ಸ್ಕಾ. ಅದೊಂದರಲ್ಲೇ ಹೊಟ್ಟೆ ತುಂಬುತ್ತದೆ.

ಸಸ್ಯಾಹಾರಿಗಳಿಗೆ ಶೋಪ್ಸ್ಕಾನೇ ಸರಿ, ಆದರೆ ಚೀಸ್‌ನ ರೆನೆಟ್ (ಹಾಲು ಗಟ್ಟಿಯಾಗಿಸುವ ಕಿಣ್ವ, ಕರುವಿನ ಹೊಟ್ಟೆಯಿಂದ ತೆಗೆದದ್ದೂ ಇರಬಹುದು) ಯಾವುದು ಅಂತ ಕೇಳಿಕೊಳ್ಳಿ. ಬೇಸಿಗೆಯಲ್ಲಿ ನನ್ನ ವೋಟೂ ಅದಕ್ಕೇ. ಚಳಿಗಾಲದಲ್ಲಿ ಟೊಮೆಟೊ ಸಪ್ಪೆ, ಆಗ ಮಾತ್ರ ಓವ್ಚಾರ್ಸ್ಕಾ ವಾಸಿ.