ಗ್ಯಾಸ್ ಸರ್ಟಿಫಿಕೇಟ್ ಇದ್ದರೆ ಸಾಲದು, ಅದರಲ್ಲಿ ನಿಮ್ಮ ಬಾಯ್ಲರ್ ಇದೆಯಾ ನೋಡಿ

ಇಂಗ್ಲೆಂಡಿನಲ್ಲಿ ಬಾಡಿಗೆ ಮನೆಯಲ್ಲಿರುವವರು, ಹೊಸದಾಗಿ ಮನೆ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮಾಲೀಕ ಕೊಡಬೇಕಾದ ಗ್ಯಾಸ್ ಸುರಕ್ಷತಾ ಪತ್ರ ನಮ್ಮ ಹತ್ತಿರ ಇತ್ತು. ದಿನಾಂಕ ಸರಿ ಇತ್ತು, ಸಹಿ ಇತ್ತು, ಎಂಜಿನಿಯರರ ನೋಂದಣಿ ಸಂಖ್ಯೆಯೂ ಇತ್ತು. ಆದರೂ ನಮ್ಮತ್ತೆ ಅದೇ ಮನೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ವಿಷಗಾಳಿಗೆ ಸಿಕ್ಕಿ ಆಸ್ಪತ್ರೆ ಸೇರಿದರು.

ಅದು ಹಳೆಯ ಟೆರೇಸ್ ಮನೆ, ಅಂದರೆ ಅಕ್ಕಪಕ್ಕದ ಗೋಡೆ ಅಂಟಿಕೊಂಡ ಸಾಲುಮನೆ. ಮನೆ ಬೆಚ್ಚಗಿಟ್ಟು ಬಿಸಿನೀರು ಕೊಡುವ ಗ್ಯಾಸ್ ಬಾಯ್ಲರ್ ಇದ್ದದ್ದು ಹಿಂದಿನ ಮಲಗುವ ಕೋಣೆಯ ಗೋಡೆ ಕಪಾಟಿನೊಳಗೆ. ಈಗಿನ ಬಾಯ್ಲರುಗಳು ಉರಿಯುವುದಕ್ಕೆ ಬೇಕಾದ ಗಾಳಿಯನ್ನು ಹೊರಗಿನಿಂದಲೇ ಎಳೆದುಕೊಂಡು ಹೊರಗೇ ಬಿಡುತ್ತವೆ. ಇದು ಹಾಗಲ್ಲ, ಕೋಣೆಯ ಗಾಳಿಯಲ್ಲೇ ಉರಿದು ಹೊಗೆಯನ್ನು ಕೊಳವೆಯ ಮೂಲಕ ಮೇಲಕ್ಕೆ ಕಳಿಸುವ ಹಳೆಯ ಬಗೆಯದು. ಆ ಕೊಳವೆ ಎಲ್ಲಾದರೂ ಬಿಟ್ಟುಕೊಂಡರೆ ಹೊಗೆ ಮನೆಯೊಳಗೇ ಉಳಿಯುತ್ತದೆ. ಆ ಕೋಣೆಯನ್ನೇ ನಾವು ಊರಿಂದ ಬಂದಿದ್ದ ಅತ್ತೆಗೆ ಕೊಟ್ಟಿದ್ದೆವು.

ಚಳಿ ಶುರುವಾದ ಮೇಲೆ ಅವರಿಗೆ ಬೆಳಗ್ಗೆ ಏಳುವಾಗಲೇ ತಲೆನೋವು. ಆಮೇಲೆ ತಲೆಸುತ್ತು, ವಾಕರಿಕೆ, ಮೆಟ್ಟಿಲು ಹತ್ತಿದರೆ ಏದುಸಿರು. "ಏನಿಲ್ಲ ಕಣೇ, ಇಲ್ಲಿನ ಚಳಿ ಒಗ್ಗಿಲ್ಲ ಅಷ್ಟೇ" ಅಂತ ಅವರು ಮಾತ್ರೆ ನುಂಗಿ ಮಲಗುತ್ತಿದ್ದರು. ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಮಗಳು ಶಾಲೆಗೆ. ಇಡೀ ದಿನ ಹೀಟಿಂಗ್ ಹಾಕಿಕೊಂಡು, ಕಿಟಕಿ ಮುಚ್ಚಿಕೊಂಡು ಮನೆಯಲ್ಲಿರುತ್ತಿದ್ದವರು ಅವರೊಬ್ಬರೇ. ಶನಿವಾರ ನೆಂಟರ ಮನೆಗೆ ಹೋದರೆ ಎಲ್ಲ ಮಾಯ, ಮನೆಗೆ ಮರಳಿದರೆ ಮತ್ತೆ ಶುರು.

ಇದನ್ನು ಹಿಡಿದದ್ದು ನಮ್ಮ ಜಿಪಿ, ಅಂದರೆ ನಾವು ಮಾಮೂಲಿಯಾಗಿ ತೋರಿಸಿಕೊಳ್ಳುವ ಡಾಕ್ಟರು. ಫೋನಿನಲ್ಲಿ ಕೇಳಿದ್ದು ಎರಡೇ ಪ್ರಶ್ನೆ: ಮನೆಯಲ್ಲಿ ಬೇರೆ ಯಾರಿಗಾದರೂ ತಲೆನೋವು ಇದೆಯಾ, ಮನೆಯಿಂದ ಹೊರಗೆ ಹೋದಾಗ ಕಡಿಮೆಯಾಗುತ್ತದಾ? ಮಗಳಿಗೂ ರಾತ್ರಿ ಹೊತ್ತು ತಲೆನೋವು ಬರುತ್ತಿತ್ತು. ಜ್ವರ ಮಾತ್ರ ಯಾರಿಗೂ ಇರಲಿಲ್ಲ. ಜ್ವರವಿಲ್ಲದ ಫ್ಲೂ ತರಹದ ಕಾಯಿಲೆ, ಅದೂ ಒಂದೇ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಬಂದರೆ ಮೊದಲು ಗ್ಯಾಸ್ ಮೇಲೆ ಅನುಮಾನ ಪಡಬೇಕಂತೆ. ಎಲ್ಲ ಆರಿಸಿ, ಕಿಟಕಿ ಬಾಗಿಲು ತೆರೆದು, ತಕ್ಷಣ ಹೊರಗೆ ಹೋಗಿ ಅಂದರು.

ಆಸ್ಪತ್ರೆಯಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಎಲ್ಲ ಚೆನ್ನಾಗಿದೆ ಅಂತಲೇ ತೋರಿಸುತ್ತಿತ್ತು. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಕಾರ್ಬನ್ ಮೊನಾಕ್ಸೈಡ್ ಹಿಡಿದಿದ್ದರೂ ಮಾಮೂಲಿ ಆಕ್ಸಿಮೀಟರಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ರಕ್ತ ಪರೀಕ್ಷೆಯಲ್ಲೇ ಗೊತ್ತಾಗಬೇಕು. ಅದರಲ್ಲೂ ಶುದ್ಧ ಗಾಳಿಗೆ ಬಂದ ಮೇಲೆ ಗಂಟೆ ಕಳೆದಂತೆ ಪ್ರಮಾಣ ಇಳಿಯುತ್ತಾ ಹೋಗುತ್ತದೆ, ಹಾಗಾಗಿ ತಡ ಮಾಡಿ ಹೋದರೆ ಪರೀಕ್ಷೆಯೂ ಸುಳ್ಳು ಧೈರ್ಯ ಕೊಡಬಹುದು. ಅತ್ತೆಗೆ ಮಾಸ್ಕ್ ಹಾಕಿ ಆಮ್ಲಜನಕ ಕೊಟ್ಟರು. ಉಳಿದುಕೊಂಡರು. ತಲೆನೋವು, ಮರೆವು ಮಾತ್ರ ಬಹಳ ಕಾಲ ಬಿಡಲಿಲ್ಲ.

ಈ ನಡುವೆ ನನ್ನ ಗಂಡ ಗ್ಯಾಸ್ ತುರ್ತು ಸಂಖ್ಯೆಗೆ ಫೋನ್ ಮಾಡಿದ್ದರು. 0800 111 999. ಹಗಲು ರಾತ್ರಿ ಯಾವಾಗಲೂ ಇರುತ್ತದೆ, ದುಡ್ಡಿಲ್ಲ. ಬಂದವರು ಅಳೆದು ನೋಡಿ ಮೀಟರ್ ಹತ್ತಿರವೇ ಗ್ಯಾಸ್ ಬಂದ್ ಮಾಡಿದರು. ಅವರ ಕೆಲಸ ಅಪಾಯ ತಪ್ಪಿಸುವುದಷ್ಟೇ, ಬಾಯ್ಲರ್ ರಿಪೇರಿ ಅವರದ್ದಲ್ಲ. ಅದನ್ನು ಮಾಲೀಕನೇ ಮಾಡಿಸಬೇಕು.

ಮಾಲೀಕ ಕಳಿಸಿದ ಎಂಜಿನಿಯರ್ ಕಪಾಟು ತೆಗೆದು ನೋಡಿದಾಗ ಹೊಗೆ ಕೊಳವೆಯ ಒಂದು ಜಾಯಿಂಟ್ ಕಳಚಿಕೊಂಡು ನಿಂತಿತ್ತು. ಬಾಯ್ಲರ್ ಮುಚ್ಚಳದ ಮೇಲೆಲ್ಲ ಮಸಿ. ಕೂಡಲೇ ಅಪಾಯ, ಬಳಸಬೇಡಿ ಎಂಬ ಚೀಟಿ ಅಂಟಿಸಿದರು. ಎಷ್ಟು ವರ್ಷದಿಂದ ಯಾರೂ ಇದನ್ನು ತೆಗೆದು ನೋಡಿಲ್ಲ ಅಂತ ಅವರೇ ಕೇಳಿದರು.

ಆಗ ಆ ಸರ್ಟಿಫಿಕೇಟ್ ತೆಗೆದು ಅವರ ಮುಂದಿಟ್ಟೆವು. ಅವರು ಬೆರಳಿಟ್ಟು ತೋರಿಸಿದರು: ಪರೀಕ್ಷಿಸಿದ ಉಪಕರಣಗಳ ಪಟ್ಟಿಯಲ್ಲಿ ಇದ್ದದ್ದು ಒಂದೇ, ಅಡುಗೆಮನೆಯ ಒಲೆ. ಕೆಳಗೆ ಷರಾ ಬರೆಯುವ ಜಾಗದಲ್ಲಿ, ಬಾಯ್ಲರ್ ಕಪಾಟಿಗೆ ಬೀಗ ಹಾಕಿದೆ, ನೋಡಲಾಗಲಿಲ್ಲ ಎಂಬ ಒಂದು ಸಾಲು. ಪರೀಕ್ಷೆಗೆ ಬಂದವರು ಇದ್ದದ್ದನ್ನು ಇದ್ದಂತೆ ಬರೆದಿದ್ದರು. ಆ ಸಾಲನ್ನು ಓದಿ ಬೀಗ ತೆಗೆಸಿ ಮತ್ತೆ ಕರೆಸಬೇಕಾದ ಮಾಲೀಕ ಸುಮ್ಮನಾಗಿದ್ದ. ಏಜೆಂಟ್ ಅದೇ ಹಾಳೆಯನ್ನು ಕರಾರಿನ ಜೊತೆ ಸೇರಿಸಿ, ಗ್ಯಾಸ್ ಎಲ್ಲ ಓಕೆ ಅಂತ ನಮ್ಮ ಕೈಗೆ ಕೊಟ್ಟಿದ್ದ. ನನಗೆ ಈಗಲೂ ಸಹಿಸಲಾಗದ್ದು ಇದೇ. ಮನೆಯಲ್ಲಿ ಅತ್ಯಂತ ಅಪಾಯದ ವಸ್ತು ಯಾವುದೋ ಅದನ್ನೇ ನೋಡಿಲ್ಲ ಎಂದು ಹೇಳುವ ಕಾಗದ, ಎಲ್ಲ ನೋಡಿದ್ದೇವೆ ಎನ್ನುವುದಕ್ಕೆ ಸಾಕ್ಷಿಯಾಗಿ ನಮ್ಮ ಮನೆಗೆ ಬಂದಿತ್ತು.

ಕಾನೂನು ಈ ವಿಷಯದಲ್ಲಿ ಗೊಂದಲವಿಲ್ಲದೆ ಇದೆ. 1998ರ ಗ್ಯಾಸ್ ಸುರಕ್ಷತಾ ನಿಯಮಗಳ ಪ್ರಕಾರ ಮಾಲೀಕ ತಾನು ಒದಗಿಸಿದ ಪ್ರತಿಯೊಂದು ಗ್ಯಾಸ್ ಉಪಕರಣವನ್ನೂ ಅದರ ಹೊಗೆ ಕೊಳವೆಯನ್ನೂ 12 ತಿಂಗಳಿಗೊಮ್ಮೆ ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿರುವ (ಗ್ಯಾಸ್ ಕೆಲಸಕ್ಕೆ ಅನುಮತಿ ಇರುವವರ ಅಧಿಕೃತ ಪಟ್ಟಿ) ಎಂಜಿನಿಯರಿಂದ ಪರೀಕ್ಷೆ ಮಾಡಿಸಬೇಕು. ಗ್ಯಾಸ್ ಪೈಪುಗಳನ್ನು ಸುಸ್ಥಿತಿಯಲ್ಲಿ ಇಡುವುದೂ ಅವನದೇ ಹೊಣೆ. ಪರೀಕ್ಷೆಯಾದ 28 ದಿನದೊಳಗೆ ಇರುವ ಬಾಡಿಗೆದಾರರಿಗೆ ಪತ್ರದ ಪ್ರತಿ ಕೊಡಬೇಕು, ಹೊಸಬರಿಗಾದರೆ ಅವರು ಮನೆಗೆ ಬರುವ ಮುಂಚೆಯೇ. ಕರಾರಿನಲ್ಲಿ ಇದೆಲ್ಲ ಬಾಡಿಗೆದಾರರ ಜವಾಬ್ದಾರಿ ಅಂತ ಬರೆದುಕೊಂಡರೂ ಆ ಹೊಣೆ ಮಾಲೀಕನ ತಲೆಯಿಂದ ಇಳಿಯುವುದಿಲ್ಲ. ತಪ್ಪಿದರೆ ಅದು ಅಪರಾಧ. ನಾವೇ ಕೊಂಡು ತಂದ ಒಲೆ ಮಾತ್ರ ನಮ್ಮ ಲೆಕ್ಕಕ್ಕೆ.

ಅಲಾರಂ ವಿಷಯ ಬೇರೆ. ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರ್ 1ರಿಂದ, ಜನ ವಾಸಿಸುವ ಯಾವ ಕೋಣೆಯಲ್ಲಿ ಬಾಯ್ಲರ್ ಅಥವಾ ಗ್ಯಾಸ್ ಫೈರ್ (ಕೋಣೆ ಬೆಚ್ಚಗಿಡುವ ಗ್ಯಾಸ್ ಹೀಟರ್) ಇದೆಯೋ ಅಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು. ಅಡುಗೆ ಒಲೆಗೆ ಮಾತ್ರ ಈ ನಿಯಮ ಇಲ್ಲ. ಅಲಾರಂ ಕೆಟ್ಟಿದೆ ಅಂತ ತಿಳಿಸಿದರೆ ಮಾಲೀಕ ಸರಿ ಮಾಡಿಸಬೇಕು ಇಲ್ಲವೇ ಬದಲಿಸಬೇಕು. ಊರಿನ ಆಡಳಿತ ನಡೆಸುವ ಕೌನ್ಸಿಲ್ 5,000 ಪೌಂಡ್‌ವರೆಗೆ ದಂಡ ಹಾಕಬಹುದು. ನಮ್ಮ ಮನೆಯಲ್ಲಿ ಇದ್ದ ಒಂದೇ ಅಲಾರಂ ಕೆಳಗಿನ ಹಜಾರದಲ್ಲಿ, ಅವಧಿ ಮುಗಿದದ್ದು. ಹಿಂದೆ ತಿರುಗಿಸಿ ನೋಡಿದರೆ ಎಂದಿನೊಳಗೆ ಬದಲಿಸಬೇಕು ಅಂತ ದಿನಾಂಕ ಅಚ್ಚಾಗಿರುತ್ತದೆ. ಗುಂಡಿ ಒತ್ತಿದರೆ ಕಿರುಚುತ್ತದೆ ಎಂದ ಮಾತ್ರಕ್ಕೆ ಒಳಗಿನ ಸೆನ್ಸರ್ ಜೀವಂತ ಇದೆ ಅಂತಲ್ಲ.

ಎಲ್ಲ ಬಯಲಾದ ಮೇಲೂ ಏಜೆಂಟ್ ಮೊದಲು ಹೇಳಿದ್ದು ನೀವೇ ಗಾಳಿಕಿಂಡಿ ಮುಚ್ಚಿರಬೇಕು ಅಂತ. ಆಮೇಲೆ ಹೊಸ ಪರೀಕ್ಷೆಯ ಖರ್ಚಿನಲ್ಲಿ ಅರ್ಧ ನೀವು ಕೊಡಿ ಅಂದ. ಕೊಡಬೇಡಿ. 2019ರ ಟೆನೆಂಟ್ ಫೀಸ್ ಕಾಯ್ದೆ ಪ್ರಕಾರ ಇಂಗ್ಲೆಂಡಿನಲ್ಲಿ ಈ ತರಹದ ಶುಲ್ಕ ಕೇಳುವಂತೆಯೇ ಇಲ್ಲ. ನಾವು ಫೋನ್ ಮಾತು ನಿಲ್ಲಿಸಿ ಎಲ್ಲವನ್ನೂ ಇಮೇಲಿನಲ್ಲೇ ಇಟ್ಟುಕೊಂಡೆವು. ಚೀಟಿ ಅಂಟಿಸಿದ ಬಾಯ್ಲರಿನ ಫೋಟೊ, ಕೊಳವೆಯ ಫೋಟೊ, ಆಸ್ಪತ್ರೆಯ ಕಾಗದ ಎಲ್ಲ ಸೇರಿಸಿ ಸುರಕ್ಷತಾ ನಿಯಮಗಳನ್ನು ಜಾರಿ ಮಾಡುವ ಸರ್ಕಾರಿ ಸಂಸ್ಥೆ ಹೆಲ್ತ್ ಅಂಡ್ ಸೇಫ್ಟಿ ಎಕ್ಸಿಕ್ಯೂಟಿವ್‌ಗೂ ಕೌನ್ಸಿಲಿನ ಪರಿಸರ ಆರೋಗ್ಯ ವಿಭಾಗಕ್ಕೂ ದೂರು ಕೊಟ್ಟೆವು. ಅದಾದ ಮೇಲೇ ಹೊಸ ಬಾಯ್ಲರ್ ಬಂತು.

ನೀವು ಇವತ್ತೇ ನಿಮ್ಮ ಸರ್ಟಿಫಿಕೇಟ್ ತೆಗೆದು ಕೂತುಕೊಳ್ಳಿ. ಮನೆಯಲ್ಲಿ ಗ್ಯಾಸಿನಿಂದ ನಡೆಯುವುದೇನೇನಿದೆ ಅಂತ ಓಡಾಡಿ ಎಣಿಸಿ: ಬಾಯ್ಲರ್, ಒಲೆ, ಹಜಾರದ ಗ್ಯಾಸ್ ಫೈರ್. ಪಟ್ಟಿಯಲ್ಲಿ ಅಷ್ಟೂ ಇರಬೇಕು, ಪ್ರತಿಯೊಂದೂ ಎಲ್ಲಿದೆ ಎಂಬುದೂ ಇರಬೇಕು. ಷರಾ ಜಾಗದಲ್ಲಿ ಏನೇ ಬರೆದಿದ್ದರೂ ಅದಕ್ಕೆ ಏನು ಮಾಡಿದಿರಿ ಅಂತ ಏಜೆಂಟನ್ನು ಬರಹದಲ್ಲೇ ಕೇಳಿ. ಎಂಜಿನಿಯರರ ಸಂಖ್ಯೆಯನ್ನು ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿ ಹಾಕಿ ನೋಡಬಹುದು. ಮನೆಗೆ ಬಂದವರ ಗುರುತಿನ ಕಾರ್ಡಿನ ಹಿಂಬದಿಯನ್ನೂ ನೋಡಿ. ಯಾವ ಯಾವ ಉಪಕರಣ ಮುಟ್ಟಲು ಅವರಿಗೆ ಅರ್ಹತೆ ಇದೆ ಅನ್ನುವುದು ಅಲ್ಲಿರುತ್ತದೆ. ಕಾರ್ಡ್ ಕೇಳಿದರೆ ಒಳ್ಳೆಯ ಎಂಜಿನಿಯರ್ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬಾಯ್ಲರ್ ಸರ್ವಿಸ್ ಆಗಿದೆ ಎಂದರೆ ಈ ಪರೀಕ್ಷೆಯೂ ಆಯಿತು ಅಂತಲ್ಲ, ಅವೆರಡೂ ಬೇರೆ. ಒಲೆಯ ನೀಲಿ ಉರಿ ಹಳದಿಗೆ ತಿರುಗಿದ್ದರೆ, ಬಾಯ್ಲರ್ ಸುತ್ತ ಮಸಿ ಕಂಡರೆ, ಕಿಟಕಿಗಾಜಿನಲ್ಲಿ ವಿಪರೀತ ನೀರು ಕಟ್ಟುತ್ತಿದ್ದರೆ ಮುಂದಿನ ವರ್ಷದ ಪರೀಕ್ಷೆಯವರೆಗೆ ಕಾಯಬೇಡಿ. ಈ ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮೂಗನ್ನು ನಂಬಿ ಕೂರುವಂತಿಲ್ಲ.

ಊರಿಂದ ಅಪ್ಪ ಅಮ್ಮ ಬಂದಿದ್ದರೆ, ಮನೆಯಲ್ಲಿ ಬಸುರಿಯೋ ಕೂಸೋ ಇದ್ದರೆ ಅವರು ಮಲಗುವ ಕೋಣೆಯಿಂದಲೇ ಶುರು ಮಾಡಿ. ಅಲಾರಂ ಶಬ್ದ ಹೇಗಿರುತ್ತದೆ ಅಂತ ಹಿರಿಯರಿಗೆ ಒಮ್ಮೆ ಒತ್ತಿ ಕೇಳಿಸಿ. ಆ ಶಬ್ದ ಬಂದರೆ ನಮಗೆ ಫೋನ್ ಮಾಡುತ್ತಾ ಒಳಗೆ ಕೂರಬೇಡಿ, ಚಪ್ಪಲಿ ಕೋಟು ಹುಡುಕಬೇಡಿ, ಮೊದಲು ಬಾಗಿಲು ತೆಗೆದು ಹೊರಗೆ ಹೋಗಿ ಆಮೇಲೆ ಫೋನ್ ಮಾಡಿ ಅಂತ ಹೇಳಿಕೊಡಿ.